ಕಸಬುದಾರನ ಒಂಟಿ ದನಿ: ‘ಸ್ಟ್ರೈಫ್’ ನಾಟಕವನ್ನು ಮತ್ತೆ ಓದಿದಾಗ

ಹಳೆಯ ಪುಸ್ತಕವೊಂದನ್ನು ಮತ್ತೆ ಓದಬೇಕೆಂಬ ಬುದ್ಧಿ ನಮಗೆ ತಾನಾಗಿ ಹುಟ್ಟುವುದು ಕಡಿಮೆ. ಯಾರಾದರೂ ಬಂದು ಬಾಗಿಲು ತಟ್ಟಬೇಕಾಗುತ್ತದೆ. ನನ್ನ ಬಾಗಿಲನ್ನು ತಟ್ಟಿದವನು ಒಬ್ಬ ಪ್ಯಾನ್‌ಮನ್. ಸಕ್ಕರೆ ಕಾರಖಾನೆಯಲ್ಲಿ ಕಬ್ಬಿನ ಪಾಕವನ್ನು ಹರಳುಗಟ್ಟಿಸುವ ಕೆಲಸಗಾರನಿಗೆ ಆ ಹೆಸರು. ನಾನು ಬೈಲಹೊಂಗಲದಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಕಾಲಕ್ಕೆ ಅವನು ನನ್ನ ವರ್ಗದಲ್ಲಿ ಹಿಂದಿನ ಬಾಕಿನ ಮೇಲೆ ಕುಳಿತಿರುತ್ತಿದ್ದ. ಕಿತ್ತೂರಿನ ಹತ್ತಿರದ ಹಳ್ಳಿಯವನು. ಪಿ.ಯು.ಸಿ.ಗೆ ಓದು ನಿಲ್ಲಿಸಿ ನಮ್ಮ ಸೀಮೆಯ ಒಂದು ಕಾರಖಾನೆಯನ್ನು ಸೇರಿದ. ಅದರ ಹೆಸರು ಇಲ್ಲಿ ಬೇಡ. ಕಳೆದ ಹಂಗಾಮು ಮುಗಿದ ಮೇಲೆ ಒಂದು ಸಂಜೆ ಬಂದು, ಕಟ್ಟೆಯ ಮೇಲೆ ಕುಳಿತು, ಚಹ ಕುಡಿದು, ಬಹಳ ಹೊತ್ತಿನ ಮೇಲೆ ಬಂದ ಕಾರಣವನ್ನು ಹೇಳಿದ.

“ಸರ್, ಒಂದು ಅರ್ಜಿ ಬರದು ಕೊಡಬೇಕ್ರಿ. ನಾವು ಇಪ್ಪತ್ತೆರಡು ಮಂದಿ ಬ್ಯಾರೆ ಯೂನಿಯನ್ ಮಾಡ್ಕೋಬೇಕಂತೇವಿ. ಪ್ಯಾನಿನವ್ರು, ಫಿಟ್ಟರು, ಟರ್ನರು, ಲೈನಿನವ್ರು.”

“ಇರೋ ಯೂನಿಯನ್ನಿಗೆ ಏನಾಗೇದೋ ತಮ್ಮಾ?”

“ಏನೂ ಆಗಿಲ್ರಿ. ಆದ್ರ ಅಲ್ಲಿ ಆರುನೂರು ಮಂದಿ. ನಾವು ಕೈ ಎತ್ತಿದ್ರ ಇಪ್ಪತ್ತೆರಡೇ ಕೈ. ಹೋದ ಸಲ ಎಲ್ಲಾರಿಗೂ ಸರಿಸಮ ರೂಪಾಯಿ ಏರಿಸಿದ್ರು. ಕೇಳಾಕ ಛಲೋ ಅನಸ್ತದ್ರಿ. ಮೂವತ್ತು ಹಂಗಾಮು ಪ್ಯಾನ್ ಕುದಿಸಿದವಗೂ ಅಷ್ಟ, ನಿನ್ನೆ ಬಂದವಗೂ ಅಷ್ಟ. ಹಿಂಗಾದ್ರ ಕಸಬು ಯಾಕ ಕಲೀಬೇಕು ಹೇಳ್ರಿ?”

ನಾನು ಕೂಡಲೇ ಉತ್ತರ ಕೊಡಲಿಲ್ಲ. ನಾಲ್ಕು ದಿನ ಬಿಟ್ಟು ಬಾ ಎಂದೆ. ನಿಜ ಹೇಳಬೇಕೆಂದರೆ, ಒಡಕಿನ ಮಾತು ಇದು ಎಂಬುದೇ ನನ್ನ ಮನಸ್ಸಿನಲ್ಲಿ ಮೊದಲು ಬಂದ ವಿಚಾರ. ಕಾರ್ಮಿಕರೆಲ್ಲ ಒಂದು, ಅವರಲ್ಲಿ ಬೇರೆಯಾಗಿ ನಿಲ್ಲುವವನು ಮಾಲಿಕನ ಕೈಗೆ ಕೋಲು ಕೊಟ್ಟಂತೆ. ಇದನ್ನು ನಾನು ಎಲ್ಲಿ ಕಲಿತೆ? ಯಾವ ಕಾರಖಾನೆಯಲ್ಲೂ ಅಲ್ಲ, ಪುಸ್ತಕಗಳಲ್ಲಿ. ಅವುಗಳಲ್ಲಿ ಮುಖ್ಯವಾದುದು ನಾನು ಹನ್ನೊಂದು ವರ್ಷ ಪಾಠ ಹೇಳಿದ ಒಂದು ನಾಟಕ, ಜಾನ್ ಗಾಲ್ಸ್‌ವರ್ದಿಯ ‘ಸ್ಟ್ರೈಫ್’. ಆ ರಾತ್ರಿ ಅದನ್ನು ಕಪಾಟಿನಿಂದ ತೆಗೆದೆ.

ವಾಚಕರಲ್ಲಿ ಹಲವರು ಇದನ್ನು ಕಾಲೇಜಿನಲ್ಲಿ ಓದಿರಬಹುದು. 1909ರ ಮಾರ್ಚ್ 9ರಂದು ಲಂಡನ್ನಿನಲ್ಲಿ ಮೊದಲು ಆಡಲ್ಪಟ್ಟ ನಾಟಕವಿದು. ಕರ್ತೃವಿಗೆ 1932ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ನಮ್ಮಲ್ಲಿಯೂ ಇದರ ಮೇಲೆ ಪ್ರೀತಿ ಇತ್ತೆಂಬುದಕ್ಕೆ, ಪ್ರೇಮಚಂದರಂಥ ಕಾದಂಬರಿಕಾರರು ಇದನ್ನು ಹಿಂದಿಗೆ ತಂದರೆಂಬುದೇ ಸಾಕ್ಷಿ. ಕಥೆ ಸರಳವಾದುದು. ವೇಲ್ಸ್ ಸೀಮೆಯ ಒಂದು ತಗಡಿನ ಕಾರಖಾನೆಯಲ್ಲಿ ಚಳಿಗಾಲವಿಡೀ ಸಂಪು ನಡೆದಿದೆ. ಒಂದು ಕಡೆ ಮಂಡಳಿಯ ಅಧ್ಯಕ್ಷನಾದ ಮುದುಕ ಆಂಥನಿ. ಇನ್ನೊಂದು ಕಡೆ ಕೆಲಸಗಾರರ ಮುಂದಾಳು ಡೇವಿಡ್ ರಾಬರ್ಟ್ಸ್. ಇಬ್ಬರೂ ಬಾಗುವವರಲ್ಲ. ಸಂಪಿನ ಉಪವಾಸ ಮತ್ತು ಚಳಿಯಲ್ಲಿ ರಾಬರ್ಟ್ಸನ ಹೆಂಡತಿ ತೀರಿಕೊಳ್ಳುತ್ತಾಳೆ. ಆ ಸುದ್ದಿ ಬಂದು ಅವನು ಸಭೆಯನ್ನು ಬಿಟ್ಟು ಹೋದ ಗಳಿಗೆಯಲ್ಲಿಯೇ ಸಂಗಡಿಗರು ಅವನನ್ನು ಕೈಬಿಡುತ್ತಾರೆ. ಅತ್ತ ಮಂಡಳಿಯೂ ಆಂಥನಿಯನ್ನು ಕೈಬಿಡುತ್ತದೆ. ಕೊನೆಗೆ ರಾಜಿಯ ಕಾಗದವನ್ನು ನೋಡಿದರೆ, ಸಂಪು ಹೂಡುವ ಮೊದಲೇ ಎರಡೂ ಪಕ್ಷಗಳ ಮುಂದೆ ಇಡಲಾಗಿದ್ದ ಕರಾರುಗಳೇ ಅವು! ಹಾಗಾದರೆ ಇಷ್ಟೆಲ್ಲ ನೋವು ಯಾತಕ್ಕಾಗಿ ಎಂಬ ಪ್ರಶ್ನೆಯ ಮೇಲೆ ಪರದೆ ಬೀಳುತ್ತದೆ.

ನಾನು ಇದನ್ನು ಬಂಡವಾಳ ಮತ್ತು ದುಡಿಮೆಗಳ ಕಾಳಗವೆಂದು ಕಲಿಸಿದೆ. ಎರಡು ತುದಿಗಳು, ಎರಡು ಹಟಗಳು, ಮಧ್ಯಮ ಮಾರ್ಗದ ಸೋಲು. ಪರೀಕ್ಷೆಯಲ್ಲಿ ಬರುತ್ತಿದ್ದ ಪ್ರಶ್ನೆಯೂ ಅದೇ. ಹುಡುಗರು ಬರೆಯುತ್ತಿದ್ದ ಉತ್ತರವೂ ಅದೇ. ತಕ್ಕಡಿಯ ಎರಡು ತಟ್ಟೆಗಳನ್ನು ಗಾಲ್ಸ್‌ವರ್ದಿಯು ಎಷ್ಟು ಸಮನಾಗಿ ಹಿಡಿದಿದ್ದಾನೆಂದು ಮೆಚ್ಚಿ ನಾವೆಲ್ಲರೂ ಸಂತೋಷಪಡುತ್ತಿದ್ದೆವು.

ಈ ಸಲ ಓದುವಾಗ ಎರಡು ಸಂಗತಿಗಳ ಮೇಲೆ ನನ್ನ ಕಣ್ಣು ನಿಂತಿತು. ರಾಬರ್ಟ್ಸನು ಬರಿಯ ‘ಕೆಲಸಗಾರ’ನಲ್ಲ, ಅವನು ಇಂಜಿನಿಯರ್, ಯಂತ್ರದ ಕಸಬು ಬಲ್ಲವನು. ಅವನು ಕಂಡುಹಿಡಿದ ಒಂದು ವಿಧಾನದಿಂದ ಕಂಪನಿಗೆ ಬಂದ ಲಾಭ ಒಂದು ಲಕ್ಷ ಪೌಂಡು. ಅವನ ಕೈಗೆ ಬಂದುದು 700. ಇದು ಒಂದು. ಇನ್ನೊಂದು, ಈ ಸಂಪಿಗೆ ಯೂನಿಯನ್ನಿನ ಬೆಂಬಲವೇ ಇಲ್ಲ. ಕೆಲಸಗಾರರು ಕೇಳುವ ಕರಾರುಗಳಲ್ಲಿ ಎರಡು ಬೇರೆ ಕಡೆಯ ದರಕ್ಕಿಂತ ಹೆಚ್ಚಾಗಿವೆಯೆಂದು ಯೂನಿಯನ್ನು ಹಿಂದೆ ಸರಿದಿದೆ. ಅವನ್ನು ಕೈಬಿಟ್ಟರೆ ಬೆಂಬಲ ಮರಳಿ ಬರುತ್ತದೆಂದು ಯೂನಿಯನ್ನಿನ ಹಾರ್ನೆಸ್ ಹೇಳುತ್ತಾನೆ. ಅಂದಮೇಲೆ ನಾಟಕದಲ್ಲಿರುವುದು ಎರಡು ಪಕ್ಷಗಳಲ್ಲ, ಮೂರು. ಮಾಲಿಕ, ಯೂನಿಯನ್ನು, ಮತ್ತು ಇವೆರಡಕ್ಕೂ ಒಗ್ಗದ ಕಸಬುದಾರ. ಹನ್ನೊಂದು ವರ್ಷ ಈ ಮೂರನೆಯವನನ್ನು ನಾನು ಎರಡನೆಯವನ ಲೆಕ್ಕಕ್ಕೆ ಸೇರಿಸಿ ಪಾಠ ಹೇಳಿದೆ.

ಆದರೆ ತಪ್ಪು ನನ್ನದೊಬ್ಬನದೇ ಅಲ್ಲ, ನಾಟಕಕಾರನದೂ ಇದೆಯೆಂಬುದು ನನ್ನ ಅಭಿಪ್ರಾಯ. ಗಾಲ್ಸ್‌ವರ್ದಿಯು ರಾಬರ್ಟ್ಸನ ಹಟವನ್ನು ಅವನ ಸ್ವಭಾವವೆಂಬಂತೆ ಚಿತ್ರಿಸುತ್ತಾನೆ. ಅವನ ಮನೆಯನ್ನು ನೋಡುತ್ತೇವೆ, ಹೆಂಡತಿಯನ್ನು ನೋಡುತ್ತೇವೆ, ಸಭೆಯಲ್ಲಿ ಬೆಂಕಿಯಂತೆ ಮಾತಾಡುವುದನ್ನು ಕೇಳುತ್ತೇವೆ. ಯಂತ್ರದ ಮುಂದೆ ಅವನು ನಿಂತುದನ್ನು ಮಾತ್ರ ಒಮ್ಮೆಯೂ ನೋಡುವುದಿಲ್ಲ. ಇಡೀ ನಾಟಕ ಒಂದೇ ದಿನದ ಮಧ್ಯಾಹ್ನದಿಂದ ಸಂಜೆಯವರೆಗೆ, ಕಾರಖಾನೆ ನಿಂತಿರುವಾಗ ನಡೆಯುವುದರಿಂದ ಅದು ಸಾಧ್ಯವಿರಲಿಲ್ಲವೆನ್ನಬಹುದು. ಆದರೂ ಆ ಕಸಬು ಎಂಥದು, ಅದನ್ನು ಕಲಿಯಲು ಎಷ್ಟು ವರ್ಷ ಬೇಕು, ಅದನ್ನು ಬಲ್ಲವನ ಮನಸ್ಸು ಏಕೆ ಹಾಗೆ ಗಟ್ಟಿಯಾಗುತ್ತದೆ, ಇವು ನಮಗೆ ತಿಳಿಯುವುದೇ ಇಲ್ಲ. ಕಸಬೆಂಬುದು 700 ಪೌಂಡಿನ ಒಂದು ಅಂಕಿಯಾಗಿ ಉಳಿಯುತ್ತದೆ. ಹೀಗಾಗಿ ಅವನ ಹಟ ನಮಗೆ ಬರಿಯ ಮೊಂಡತನವಾಗಿ ಕಾಣುತ್ತದೆ.

ನಮ್ಮ ಪ್ಯಾನ್‌ಮನ್ನನ ಕಸಬನ್ನು ನಾನು ಒಮ್ಮೆ ನೋಡಿದ್ದೇನೆ. ಗಾಣದಿಂದ ಬಂದ ರಸ ತಿಳಿಯಾಗಿ, ಕುದಿದು, ದಪ್ಪ ಪಾಕವಾಗಿ ದೊಡ್ಡದೊಂದು ಮುಚ್ಚಿದ ಕೊಪ್ಪರಿಗೆಗೆ ಬರುತ್ತದೆ. ಒಳಗಿನ ಗಾಳಿಯನ್ನು ಎಳೆದು ತೆಗೆದಿರುವುದರಿಂದ ಪಾಕವು ಕಡಿಮೆ ಕಾವಿನಲ್ಲಿಯೇ ಕುದಿಯುತ್ತದೆ, ಸಕ್ಕರೆ ಕರಕಾಗುವುದಿಲ್ಲ. ಗಾಜಿನ ಕಿಂಡಿಯಲ್ಲಿ ಕಣ್ಣಿಟ್ಟು ಪ್ಯಾನ್‌ಮನ್ ನಿಂತಿರುತ್ತಾನೆ. ಆಗಾಗ ಒಂದಿಷ್ಟು ಪಾಕವನ್ನು ಹೊರಗೆ ತೆಗೆದು ಗಾಜಿನ ತುಂಡಿನ ಮೇಲೆ ಸವರಿ ದೀಪಕ್ಕೆ ಹಿಡಿದು ನೋಡುತ್ತಾನೆ. ಬೆರಳುಗಳ ನಡುವೆ ತಿಕ್ಕಿ ನೋಡುತ್ತಾನೆ. ಹರಳು ಹುಟ್ಟಿತೇ, ಸಮನಾಗಿ ಬೆಳೆಯುತ್ತಿದೆಯೇ, ನಡುವೆ ಬೇಡದ ಸಣ್ಣ ಹರಳು ಎದ್ದಿತೇ? ಎದ್ದರೆ ಮುಂದೆ ಯಂತ್ರದಲ್ಲಿ ಕಾಕಂಬಿ ಬೇರೆಯಾಗುವುದಿಲ್ಲ, ಇಡೀ ಪ್ಯಾನು ಕೆಡುತ್ತದೆ. ಈಗ ಅಳತೆಯ ಉಪಕರಣಗಳು ಬಹಳ ಬಂದಿವೆ. ಆದರೂ ಅವನು ಮುಳ್ಳಿನ ಗಡಿಯಾರಕ್ಕಿಂತ ತನ್ನ ಬೆರಳನ್ನೇ ಹೆಚ್ಚು ನಂಬುವನೆಂದು ಹೇಳಿದ. ಒಂದು ತಮಾಷೆ ಎಂದರೆ, ಸಕ್ಕರೆ ತಂತ್ರದ ಇಂಗ್ಲಿಷ್ ಪುಸ್ತಕಗಳಲ್ಲಿ ಹೀಗೆ ಕುದಿಸಿ ಇಳಿಸಿದ ಒಂದು ಪ್ಯಾನಿನ ಪಾಕಕ್ಕೂ ‘ಸ್ಟ್ರೈಕ್’ ಎಂದೇ ಹೆಸರು! ಹತ್ತಾರು ಸಾವಿರ ಸ್ಟ್ರೈಕು ಇಳಿಸಿದವನು ಈಗ ಇನ್ನೊಂದು ಬಗೆಯದರ ಮಾತಾಡುತ್ತಿದ್ದಾನೆಂದು ನಾನು ನಕ್ಕರೆ, ಅವನಿಗೆ ನಗು ಬರಲಿಲ್ಲ.

ಇಂಥವನು ಬೇರೆ ದನಿ ಕೇಳಿದರೆ ಅದು ದ್ರೋಹವೇ? ಇತಿಹಾಸ ಹಾಗೆ ಹೇಳುವುದಿಲ್ಲ. ಅಹಮದಾಬಾದಿನಲ್ಲಿ 1918ರ ಸಂಪು ಮುಖ್ಯವಾಗಿ ನೇಯುವವರದು. ಗಾಂಧೀಜಿ ಮತ್ತು ಅನಸೂಯಾ ಸಾರಾಭಾಯಿ ಅದರ ಮುಂದಾಳುಗಳು. 1920ರಲ್ಲಿ ಅಲ್ಲಿ ಹುಟ್ಟಿದ ಮಜೂರ ಮಹಾಜನವು ಒಂದೇ ಮುದ್ದೆಯ ಸಂಘವಾಗಿರಲಿಲ್ಲ. ನೂಲುವ ಖಾತೆಗೆ ಒಂದು ಸಂಘ, ನೇಯುವವರಿಗೆ ಒಂದು, ಯಂತ್ರ ನಡೆಸುವವರಿಗೆ ಒಂದು, ಹೀಗೆ ಕಸಬುವಾರು ಸಂಘಗಳು ಸೇರಿದ ಒಂದು ಒಕ್ಕೂಟ ಅದು. ಅಂಗಡಿ ಬೇರೆ, ಪೇಟೆ ಒಂದೇ. ನಮಗೆ ಹತ್ತಿರದ ಉದಾಹರಣೆ ಬೇಕಾದರೆ ರೈಲ್ವೆಯದಿದೆ. ದೊಡ್ಡ ಸಂಘಗಳು ತಮ್ಮ ಮಾತನ್ನು ಕೇಳುವುದಿಲ್ಲವೆಂದು ಇಂಜಿನ್ ಓಡಿಸುವವರು ತಮ್ಮದೇ ಸಂಘ ಕಟ್ಟಿಕೊಂಡರು. 1973ರಲ್ಲಿ ಅವರು ಹೂಡಿದ ಮುಷ್ಕರದ ಫಲವಾಗಿ ಹತ್ತು ತಾಸಿನ ಕೆಲಸದ ಮಿತಿಯನ್ನು ಸರಕಾರ ಒಪ್ಪಬೇಕಾಯಿತು. ಅವರು ಹಾಗೆ ಬೇರೆ ನಿಂತುದರಿಂದ ಒಗ್ಗಟ್ಟು ಸತ್ತುಹೋಯಿತೇ? ಇಲ್ಲ. ಮರುವರ್ಷ, 1974ರ ಮೇ ತಿಂಗಳಲ್ಲಿ, ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸರ ಮುಂದಾಳುತನದಲ್ಲಿ ನಡೆದ ಸಮಸ್ತ ರೈಲ್ವೆ ಮುಷ್ಕರದಲ್ಲಿ ಅವರೂ ಇದ್ದರು.

ಆದರೆ ನಮ್ಮ ಕಾನೂನಿನ ಒಲವು ಮೊದಲಿನಿಂದಲೂ ಒಂದೇ ದನಿಯ ಕಡೆಗೆ. ಬೆಳಗಾವಿ ಜಿಲ್ಲೆ 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲಿತ್ತು. ಆ ರಾಜ್ಯದ 1946ರ ಔದ್ಯೋಗಿಕ ಸಂಬಂಧಗಳ ಕಾಯದೆ ಒಂದು ಪ್ರದೇಶದ ಒಂದು ಉದ್ದಿಮೆಗೆ ಒಂದೇ ಪ್ರಾತಿನಿಧಿಕ ಸಂಘವೆಂದು ಗೊತ್ತುಮಾಡಿತು. 1926ರ ಕಾಯದೆಯಂತೆ ಏಳು ಜನ ಸೇರಿ ಸಂಘ ನೋಂದಾಯಿಸಬಹುದಾಗಿತ್ತು. 2001ರ ತಿದ್ದುಪಡಿಯ ತರುವಾಯ, ದುಡಿಯುವವರಲ್ಲಿ ಶೇಕಡಾ 10 ಅಥವಾ 100 ಜನ, ಇವುಗಳಲ್ಲಿ ಯಾವುದು ಕಡಿಮೆಯೋ ಅಷ್ಟು ಮಂದಿ ಬೇಕು. ಈಗ, 2025ರ ನವೆಂಬರ್ 21ರಿಂದ ಜಾರಿಗೆ ಬಂದ 2020ರ ಸಂಹಿತೆಯಲ್ಲಿಯೂ ಆ ಕಟ್ಟು ಉಳಿದಿದೆ. ಅದರ ಮೇಲೆ, ಒಂದಕ್ಕಿಂತ ಹೆಚ್ಚು ಸಂಘಗಳಿದ್ದಲ್ಲಿ ಶೇಕಡಾ 51ರಷ್ಟು ಕೆಲಸಗಾರರ ಬೆಂಬಲವಿದ್ದ ಸಂಘವೊಂದೇ ಮಾಲಿಕನೊಡನೆ ಸಂಧಾನಕ್ಕೆ ಕೂಡ್ರುವ ಸಂಘ. ಆರುನೂರರಲ್ಲಿ ಇಪ್ಪತ್ತೆರಡು ಜನ! ನಮ್ಮ ಪ್ಯಾನ್‌ಮನ್ನನ ಅರ್ಜಿಗೆ ನೋಂದಣಿಯೇ ಕಷ್ಟ. ಸಂಧಾನದ ಮೇಜು ದೂರವೇ ಉಳಿಯಿತು. ಸಂಖ್ಯೆಯ ನ್ಯಾಯ ದೊಡ್ಡದು, ಸರಿ. ಆದರೆ ಬೆರಳಿನಲ್ಲಿ ಹರಳನ್ನು ಓದಬಲ್ಲವನಿಗೆ ಆ ಲೆಕ್ಕದಲ್ಲಿ ಸ್ಥಾನವೆಲ್ಲಿ?

ಇಷ್ಟು ಓದಿ, ಇಷ್ಟು ವಿಚಾರಿಸಿ, ನಾನು ಬಹುಮಟ್ಟಿಗೆ ಅವನ ಪಕ್ಷಕ್ಕೆ ವಾಲಿದ್ದೆ. ಅರ್ಜಿಯ ಮೊದಲ ಕರಡು ಕೂಡ ಬರೆದಿಟ್ಟಿದ್ದೆ. ಅಷ್ಟರಲ್ಲಿ ಸವದತ್ತಿಗೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕದಲ್ಲಿ ಒಬ್ಬ ಬಂದು ಕುಳಿತ. ಗುಡ್ಡಕ್ಕೆ ಎಲ್ಲಮ್ಮನ ಹರಕೆಗೆ ಹೊರಟಿದ್ದ. ಮಾತಿಗೆ ಮಾತು ಬೆಳೆದು, ಅವನೂ ಅದೇ ಕಾರಖಾನೆಯವನೆಂದು ಗೊತ್ತಾಯಿತು. ಕಬ್ಬು ಗಾಣಕ್ಕೆ ಹೋಗುವ ಪಟ್ಟಿಯ ಹತ್ತಿರ ದುಡಿಯುವ ಹಂಗಾಮಿ ಕೆಲಸಗಾರ. ಬೇರೆ ಯೂನಿಯನ್ನಿನ ಸುದ್ದಿ ಅವನ ಕಿವಿಗೂ ಬಿದ್ದಿತ್ತು.

“ಮಾಡ್ಕೊಳ್ಳಿ ಬಿಡ್ರಿ ಮಾಸ್ತರ್ರ,” ಎಂದ. “ಅವ್ರ ಕಸಬು ದೊಡ್ಡದು, ನಾ ಇಲ್ಲ ಅನ್ನಂಗಿಲ್ಲ. ಒಂಬತ್ತು ಹಂಗಾಮು ಆತು ನಾ ಕಬ್ಬ ಎಳಿಯಾಕ ಹತ್ತಿ. ಪ್ಯಾನಿನ ಮೆಟ್ಟಿಲ ಹತ್ತಿ ನಿಂತು ನೋಡಂತ ಒಬ್ರೂ ಅಂದಿಲ್ರಿ. ಅವ್ರ ಮಗಾ ಬಂದ್ರ ಕಲಿಸ್ತಾರ, ಅಳ್ಯಾ ಬಂದ್ರ ಕಲಿಸ್ತಾರ. ನಮ್ಮಂಥವ್ರಿಗೆ ಕಲಿಸಾವ್ರು ಯಾರ್ರಿ?”

ಅವನು ‘ನಮ್ಮಂಥವ್ರು’ ಎಂದುದರ ಅರ್ಥವನ್ನು ನಾನು ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ.

ಕಸಬು ಮನೆಯೊಳಗೇ ಹರಿಯುವುದು ನಮಗೆ ಹೊಸದಲ್ಲ. ರಾಮದುರ್ಗದ ನೇಕಾರರ ಓಣಿಯಲ್ಲಿ ಮಗನು ಅಪ್ಪನ ಮಗ್ಗದ ಬದಿಯಲ್ಲಿಯೇ ಕೂತು ಕೈ ಪಳಗಿಸಿಕೊಳ್ಳುತ್ತಾನೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಕಾರಖಾನೆ ಯಾರ ಮನೆಯೂ ಅಲ್ಲ. ಅಲ್ಲಿ ಕಲಿಕೆಯ ಬಾಗಿಲು ಮುಚ್ಚಿದರೆ ಕಸಬು ಬೇಲಿಯಾಗುತ್ತದೆ. ಮುಂಬಯಿಯ ಗಿರಣಿಗಳಲ್ಲಿ ಇದು ಎಷ್ಟು ಕ್ರೂರವಾಗಿ ನಡೆಯಿತೆಂಬುದನ್ನು ಡಾ. ಅಂಬೇಡ್ಕರರು 1928ರಲ್ಲಿ ಬಯಲಿಗೆ ತಂದರು. ಅಲ್ಲಿ ಹೆಚ್ಚು ಸಂಬಳ ನೇಯುವ ಖಾತೆಯದು. ಲಾಳಿಯ ನೂಲನ್ನು ಬಾಯಿಂದ ಹೀರಿ ಎಳೆಯಬೇಕಾಗುತ್ತಿದ್ದುದರಿಂದ, ಅಸ್ಪೃಶ್ಯರೆನಿಸಿಕೊಂಡವರು ಮುಟ್ಟಿದ ಲಾಳಿಯನ್ನು ನಾವು ಬಾಯಿಗಿಡುವುದಿಲ್ಲವೆಂದು ಉಳಿದ ನೇಕಾರರು ಅವರನ್ನು ಆ ಖಾತೆಯೊಳಗೆ ಬಿಡುತ್ತಿರಲಿಲ್ಲ. ಆ ವರ್ಷದ ಮಹಾ ಸಂಪಿನ ಕಾಲದಲ್ಲಿ, ಈ ಬಾಗಿಲು ತೆರೆಯಬೇಕೆಂಬುದೂ ಬೇಡಿಕೆಗಳಲ್ಲಿ ಸೇರಲೆಂದು ಅಂಬೇಡ್ಕರರು ಹಟ ಹಿಡಿದರು. ಮಾಲಿಕನ ವಿರುದ್ಧ ಎಲ್ಲರೂ ಒಂದು ಎನ್ನುವ ಸಂಘದೊಳಗೇ ಒಂದು ಗೋಡೆ ಇತ್ತು. ಅದಕ್ಕೆ ‘ಕೌಶಲ’ವೆಂಬ ಸಭ್ಯ ಹೆಸರೂ ಇತ್ತು.

ಅಮೇರಿಕೆಯ ಕಥೆಯೂ ಇದಕ್ಕೆ ದೂರವಿಲ್ಲ. ಅಲ್ಲಿ 1937ರಿಂದ ಕಸಬುದಾರರು ಬೇರೆ ಸಂಘ ಬೇಕೇ ಬೇಡವೇ ಎಂದು ತಾವೇ ಮತ ಹಾಕಿ ಹೇಳುವ ಒಂದು ದಾರಿಯನ್ನು ಕಾರ್ಮಿಕ ಮಂಡಳಿ ತೆರೆದಿತ್ತು. ಅದೇ ದೇಶದಲ್ಲಿ ರೈಲಿನ ಇಂಜಿನ್ ಕೆಲಸಗಾರರ ಸಂಘವು ಕರಿಯರನ್ನು ಸದಸ್ಯರನ್ನಾಗಿ ಸೇರಿಸಿಕೊಳ್ಳದೆ, ಅವರ ಪರವಾಗಿಯೂ ತಾನೇ ಮಾತಾಡುವ ಅಧಿಕಾರವಿಟ್ಟುಕೊಂಡು, ಅವರನ್ನೇ ಕೆಲಸದಿಂದ ಹೊರಹಾಕುವ ಕರಾರು ಮಾಡಿಕೊಂಡಿತು. 1944ರಲ್ಲಿ ಅಲ್ಲಿನ ವರಿಷ್ಠ ನ್ಯಾಯಾಲಯ ಇದನ್ನು ತಡೆದು ಒಂದು ತತ್ವವನ್ನು ಹೇಳಿತು: ಎಲ್ಲರ ಪರವಾಗಿ ಮಾತಾಡುವ ಹಕ್ಕು ಪಡೆದ ಸಂಘಕ್ಕೆ ಎಲ್ಲರನ್ನೂ ನ್ಯಾಯವಾಗಿ ನೋಡಿಕೊಳ್ಳುವ ಹೊಣೆಯೂ ಇದೆ. ಈ ಮಾತಿನ ಅಲುಗು ಎರಡು ಕಡೆಗೂ ಹರಿತವಾದುದು. ಇಪ್ಪತ್ತೆರಡು ಜನರನ್ನು ಮರೆತ ಆರುನೂರರ ಸಂಘಕ್ಕೂ ಅದು ತಾಗುತ್ತದೆ. ಪಟ್ಟಿಯ ಬಳಿಯ ಹಂಗಾಮಿಯನ್ನು ಮೆಟ್ಟಿಲು ಹತ್ತಗೊಡದ ಇಪ್ಪತ್ತೆರಡು ಜನರಿಗೂ ತಾಗುತ್ತದೆ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮತ್ತೆ ನಾಟಕಕ್ಕೆ ಬಂದರೆ, ರಾಬರ್ಟ್ಸನ ಒಂಟಿತನದ ನಿಜವಾದ ಕಾರಣ ಕಾಣುತ್ತದೆ. ತನ್ನ 700 ಪೌಂಡಿನ ಅನ್ಯಾಯವನ್ನು ಅವನು ಮರೆಯಲಾರ. ಮರೆಯಬೇಕೆಂದು ನಾನೂ ಹೇಳಲಾರೆ. ಆದರೆ ತನ್ನ ಕಸಬು ಸಂಗಡಿಗರಿಗೆ ಏನು ಕೊಟ್ಟಿತೆಂದು ಅವನು ಒಮ್ಮೆಯೂ ಕೇಳಿಕೊಳ್ಳುವುದಿಲ್ಲ. ಅವರಿಗೆ ತನ್ನ ಧೈರ್ಯವನ್ನು ಕೊಟ್ಟ, ಸಿಟ್ಟನ್ನು ಕೊಟ್ಟ, ವಿದ್ಯೆಯನ್ನು ಕೊಟ್ಟಂತೆ ಕಾಣುವುದಿಲ್ಲ. ಆದ್ದರಿಂದಲೇ ಅವನು ಸಭೆಯಿಂದ ಎದ್ದು ಹೋದ ಕೂಡಲೇ ಅವನ ಮಾತೂ ಎದ್ದು ಹೋಯಿತು. ಗಾಲ್ಸ್‌ವರ್ದಿಯು ಇದನ್ನು ಬೇಕೆಂದೇ ತೋರಿಸಿದನೋ, ಅಥವಾ ಅವನ ಕೈಮೀರಿ ಬಂದಿತೋ ನಾನು ಹೇಳಲಾರೆ. ತಕ್ಕಡಿಯನ್ನು ಸಮ ಹಿಡಿಯುವ ಆಸೆಯಲ್ಲಿ ಅವನು ಎರಡೇ ತಟ್ಟೆಗಳನ್ನು ಇಟ್ಟುಕೊಂಡ. ನಾಟಕದ ಕೊರತೆ ಅದು. ಮೂರನೆಯವನನ್ನು ಅರಿಯದೆಯೇ ಜೀವಂತವಾಗಿ ನಿಲ್ಲಿಸಿಬಿಟ್ಟ. ನಾಟಕದ ಹಿರಿಮೆ ಅದು. ನೂರು ವರ್ಷ ದಾಟಿದ ಮೇಲೂ ಬೈಲಹೊಂಗಲದ ಕಟ್ಟೆಯ ಮೇಲೆ ಕುಳಿತು ಅವನೊಡನೆ ಜಗಳಾಡಬಹುದೆಂದರೆ, ಆ ಪಾತ್ರದಲ್ಲಿ ಕಸುವಿದೆ.

ನಮ್ಮ ಸಾಹಿತ್ಯದಲ್ಲಿ ಈ ಮೂರನೆಯವನು ಇನ್ನೂ ಸರಿಯಾಗಿ ಬಂದಿಲ್ಲವೆಂದು ನನಗನಿಸುತ್ತದೆ. ಗೋಕಾಕ ಸೀಮೆಯವರೇ ಆದ ಬಸವರಾಜ ಕಟ್ಟೀಮನಿಯವರು ‘ಜ್ವಾಲಾಮುಖಿಯ ಮೇಲೆ’ ಕಾದಂಬರಿಯಲ್ಲಿ ಪತ್ರಿಕಾಲಯದ ಒಳಗನ್ನು ತೆರೆದಿಟ್ಟರು; ದುಡಿಯುವವರ ಬದುಕು ಕಾದಂಬರಿಗೆ ವಸ್ತುವೇ ಎಂಬ ಸಂಶಯವನ್ನು ಅಂಥವರು ಕಳೆದರು. ಆದರೆ ಕಸಬಿನ ಬಗೆಗೆ ಬರೆಯುವುದು ಬೇರೆ. ಕಸಬುದಾರನ ಹೆಮ್ಮೆಯನ್ನೂ ಅವನ ಬೇಲಿಯನ್ನೂ ಒಟ್ಟಿಗೆ ನೋಡುವ ಕಣ್ಣು ಅದಕ್ಕೆ ಬೇಕು. ಅದಕ್ಕೆ ಬೇಕಾದ ಆಧಾರ ನಮ್ಮ ಪರಂಪರೆಯಲ್ಲಿ ಇಲ್ಲವೆನ್ನಲಾಗದು. ಶರಣರಲ್ಲಿ ಮಡಿವಾಳ, ಮೇದಾರ, ಅಂಬಿಗ, ಡೋಹರ, ಹಗ್ಗ ಹೊಸೆಯುವ ನುಲಿಯ, ಎಲ್ಲರೂ ಕಾಯಕದ ಹೆಸರನ್ನು ತಮ್ಮ ಹೆಸರಿನ ಮುಂದೆಯೇ ಇಟ್ಟುಕೊಂಡರು. ಒಬ್ಬೊಬ್ಬರಿಗೂ ಅವರವರ ಅಂಕಿತ. ಯಾರೂ ತಮ್ಮ ಅಂಕಿತವನ್ನು ಅಳಿಸಿ ಒಂದಾಗಲಿಲ್ಲ. ಕೂಡುವ ಮಂಟಪ ಮಾತ್ರ ಒಂದೇ, ಅದರ ಬಾಗಿಲಿನಲ್ಲಿ ಕುಲ ಕೇಳುವವರಿರಲಿಲ್ಲವೆಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಕಾರಖಾನೆಯ ಸಂಘಕ್ಕೆ ಇದಕ್ಕಿಂತ ಒಳ್ಳೆಯ ಮಾದರಿಯನ್ನು ನಾನು ಕಾಣೆ.

ನಾಲ್ಕು ದಿನವೆಂದದ್ದು ಹತ್ತು ದಿನವಾಯಿತು. ಪ್ಯಾನ್‌ಮನ್ ಮತ್ತೆ ಬಂದ. ನಾನು ಬರೆದುದನ್ನು ಓದಿ ಹೇಳಿದೆ. ಬೇರೆ ಯೂನಿಯನ್ನಿನ ಅರ್ಜಿಯಲ್ಲ ಅದು; ಇರುವ ಯೂನಿಯನ್ನಿಗೇ ಬರೆದದ್ದು. ಕಸಬುದಾರರ ಖಾತೆಗೆ ಸಂಘದೊಳಗೆ ಒಂದು ಬೇರೆ ಸಮಿತಿ ಇರಲಿ. ಸಂಬಳದ ಮಾತುಕತೆಗೆ ಅವರು ಆರಿಸಿದ ಒಬ್ಬನು ಕೂಡ್ರಲಿ. ಏರಿಕೆಯನ್ನು ಹಂಚುವಾಗ ಕಸಬಿನ ವರ್ಷಗಳ ಲೆಕ್ಕವೂ ಇರಲಿ. ಕೊನೆಯ ಕಲಮು: ಪ್ರತಿ ಹಂಗಾಮಿನಲ್ಲಿ ಪಟ್ಟಿಯ ಮೇಲಿನವರಲ್ಲಿ ಇಬ್ಬರನ್ನಾದರೂ ಪ್ಯಾನಿನ ಕೆಲಸ ಕಲಿಯಲು ತೆಗೆದುಕೊಳ್ಳತಕ್ಕದ್ದು, ಕಲಿಸುವ ಹೊಣೆ ನಮ್ಮದು.

ಮೊದಲ ಮೂರಕ್ಕೆ ತಲೆಯಾಡಿಸಿದ. ಕೊನೆಯದಕ್ಕೆ ಸುಮ್ಮನಾದ.

“ಸರ್, ಈ ಕಲಿಸೋ ಮಾತು ಬೇಕಾ? ಅದು ನಮ್ಮ ಕೈಯಾಗಿನ ಗಂಟು ಬಿಚ್ಚಿ ಕೊಟ್ಟಂಗ ಆಗ್ತದಲ್ರಿ.”

“ಬೇಕೋ ತಮ್ಮಾ,” ಎಂದೆ. “ಅದಿಲ್ಲಂದ್ರ ಮೇಲಿನ ಮೂರೂ ಬರೇ ನಿಮ್ಮ ಹೊಟ್ಟೀ ಮಾತಾಗ್ತಾವ. ಆರುನೂರು ಮಂದಿ ಯಾಕ ಕೈ ಎತ್ತಬೇಕು?”

ಅವನು ಕಾಗದವನ್ನು ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಹೋದ. ಇಪ್ಪತ್ತೆರಡು ಜನರಲ್ಲಿ ಹದಿಮೂರು ಜನ ಸಹಿ ಮಾಡಿದ್ದಾರೆಂದು ಮೊನ್ನೆ ತಿಳಿಯಿತು. ಉಳಿದವರು ಕೊನೆಯ ಕಲಮನ್ನು ತೆಗೆದರೆ ಮಾಡುತ್ತೇವೆಂದಿದ್ದಾರಂತೆ. ಅವನು ಇನ್ನೂ ತೆಗೆದಿಲ್ಲ.